ಮೂರು ಕಾಲಿನ ನಾಯಿ ಮತ್ತು ಒಂದು ಹಳೇ ಬಾಕಿ



ಹೋದ ಕಂತಿನಲ್ಲಿ ನಾನು ಮಾತಾಡ್ತಿದ್ದಾಗ ಹಿಂದೆ ಏನೋ ಟಕ್ ಟಕ್ ಅಂತ ಸದ್ದು ಬರ್ತಿತ್ತು, ಮೈಕ್ ಕೆಟ್ಟಿದೆಯಾ ಅಂತ ಕೆಲವರು ಕೇಳಿದ್ರಿ. ಮೈಕ್ ಚೆನ್ನಾಗೇ ಇದೆ. ಅದು ನಮ್ಮನೆ ನಾಯಿ ಕರಿಯನ ಉಗುರಿನ ಸದ್ದು. ಅವನಿಗೆ 11 ವರ್ಷ. ಈಗ ಅವನಿಗೆ ಇರೋದು ಮೂರೇ ಕಾಲು. ಇವತ್ತಿನ ಕಂತು ಆ ಇಲ್ಲದ ನಾಲ್ಕನೇ ಕಾಲಿನ ಬಗ್ಗೆ.

ಕೆಲವು ತಿಂಗಳ ಹಿಂದೆ ಕರಿಯ ಎಡ ಮುಂಗಾಲು ಕುಂಟೋಕೆ ಶುರು ಮಾಡಿದ. ಮಣಿಕಟ್ಟಿನ ಸ್ವಲ್ಪ ಮೇಲೆ ಗಟ್ಟಿಯಾದ ಊತ. ಎಕ್ಸ್‌ರೇ ಆಯ್ತು, ಮೂಳೆಯ ಚೂರು ತೆಗೆದು ಪರೀಕ್ಷೆಗೂ ಕಳಿಸಿದ್ರು. ಬಂದ ಉತ್ತರ ಆಸ್ಟಿಯೋಸಾರ್ಕೋಮಾ, ಅಂದ್ರೆ ಮೂಳೆ ಕ್ಯಾನ್ಸರ್. ನಾಯಿಗಳಿಗೆ ಬರೋ ಮೂಳೆ ಗಡ್ಡೆಗಳಲ್ಲಿ ಬಹುಪಾಲು ಇದೇ. ಡಾಕ್ಟರು ನೇರವಾಗಿ ಹೇಳಿದ್ರು, ಕಾಲು ತೆಗೀಬೇಕು. ಮನೇಲಿ ಎಲ್ಲರೂ ಸುಮ್ಮನಾದ್ವಿ. ಆಮೇಲೆ ನಮ್ಮ ದೊಡ್ಡಪ್ಪ ಕೇಳಿದ್ರು, "ಇಷ್ಟು ವಯಸ್ಸಾದ ನಾಯಿಗೆ ಕಾಲು ಕತ್ತರಿಸಿ ಏನು ಸಾಧಿಸ್ತೀರಪ್ಪ? ಅಷ್ಟೊಂದು ದುಡ್ಡು ಯಾಕೆ?"

ಅವರ ಮೇಲೆ ನನಗೆ ಕೋಪ ಬರಲಿಲ್ಲ. ಅದು ನ್ಯಾಯವಾದ ಪ್ರಶ್ನೆ. ನಾನು ಬಿ.ಕಾಂ. ಓದಿದವನು, ಖರ್ಚಿನ ಪ್ರಶ್ನೆ ಬಂದ್ರೆ ಕಿವಿ ನೆಟ್ಟಗಾಗುತ್ತೆ. ಆದ್ರೆ ಲೆಕ್ಕ ಬರೆಯೋದಕ್ಕೆ ಒಂದು ನಿಯಮ ಇದೆ. ಈ ವರ್ಷದ ಪುಟ ಖಾಲಿ ಹಾಳೆಯಿಂದ ಶುರುವಾಗಲ್ಲ. ಹಿಂದಿನ ವರ್ಷದ ಬಾಕಿ ಮೊದಲು ಬರೀಬೇಕು. ಆರಂಭಿಕ ಶಿಲ್ಕು ಅಂತೀವಲ್ಲ, ಅದು. ನಾಯಿಯ ಕಾಲು ತೆಗೆಯೋ ಆಪರೇಷನ್‌ನ ಹಿಂದಿನ ಪುಟಗಳನ್ನ ತಿರುವಿ ನೋಡಿದಾಗ ನನಗೆ ಗೊತ್ತಾಗಿದ್ದು ಇಷ್ಟು: ಈ ಲೆಕ್ಕದಲ್ಲಿ ಸಾಲಗಾರರು ನಾವು. ಹೇಗೆ ಅಂತ ಹೇಳ್ತೀನಿ.

ಮೊದಲು, ಅರಿವಳಿಕೆ ಇಲ್ಲದ ಕಾಲಕ್ಕೆ ಹೋಗೋಣ. ಮನುಷ್ಯರ ಕಾಲು ಕತ್ತರಿಸೋದು ಹಳೇ ವಿದ್ಯೆ. ಯುದ್ಧ ಇದ್ದಲ್ಲೆಲ್ಲ ಅದೂ ಇತ್ತು. 16ನೇ ಶತಮಾನದ ಫ್ರಾನ್ಸ್‌ನಲ್ಲಿ ಆಂಬ್ರೋಯಿಸ್ ಪಾರೆ ಅನ್ನೋ ಸೇನೆಯ ಶಸ್ತ್ರವೈದ್ಯ ಇದ್ದ. ಅವನ ಕಾಲದವರೆಗೂ ಕಾಲು ಕತ್ತರಿಸಿದ ಮೇಲೆ ರಕ್ತ ನಿಲ್ಲಿಸೋಕೆ ಕಾಯಿಸಿದ ಕಬ್ಬಿಣದಿಂದ ಸುಡೋದು ರೂಢಿ. ಪಾರೆ ಅದನ್ನ ಬಿಟ್ಟು ರಕ್ತನಾಳವನ್ನ ದಾರದಿಂದ ಕಟ್ಟೋದನ್ನ ಬಳಕೆಗೆ ತಂದ. ಇವತ್ತು ಕರಿಯನ ಆಪರೇಷನ್‌ನಲ್ಲಿ ಡಾಕ್ಟರು ಮಾಡಿದ್ದೂ ಮೂಲದಲ್ಲಿ ಅದೇ, ನಾಳವನ್ನ ಕಟ್ಟಿ ಆಮೇಲೆ ಕತ್ತರಿಸೋದು.

ಪ್ರಾಣಿಗಳ ಕಥೆ ಬೇರೆ. ಆಧುನಿಕ ಪಶುವೈದ್ಯ ಶಾಲೆಗಳಲ್ಲಿ ಮೊದಲನೆಯದು 1761ರಲ್ಲಿ ಫ್ರಾನ್ಸ್‌ನ ಲಿಯಾನ್ ನಗರದಲ್ಲಿ ಕ್ಲೋಡ್ ಬೂರ್ಜೆಲಾ ಸ್ಥಾಪಿಸಿದ್ದು. ಯಾಕೆ ಸ್ಥಾಪಿಸಿದ್ರು? ದನಗಳಿಗೆ ದೊಡ್ಡ ರೋಗ ಬರ್ತಿತ್ತು, ಸೇನೆಗೆ ಕುದುರೆ ಬೇಕಿತ್ತು. ಅಂದ್ರೆ ಪಶುವೈದ್ಯ ಹುಟ್ಟಿದ್ದೇ ಮಾರುಕಟ್ಟೆ ಬೆಲೆ ಇರೋ ಪ್ರಾಣಿಗಳಿಗಾಗಿ. ನಾಯಿಗೆ ಆ ಪಟ್ಟಿಯಲ್ಲಿ ಜಾಗ ಕಡಿಮೆ. ಇನ್ನೊಂದು ವಿಚಿತ್ರ ನೋಡಿ. ಅಷ್ಟು ಬೆಲೆಬಾಳೋ ಕುದುರೆ ಕಾಲು ಮುರಿದುಕೊಂಡ್ರೆ ಹೆಚ್ಚಾಗಿ ಗುಂಡೇ ಗತಿ, ಯಾಕಂದ್ರೆ ಅಷ್ಟು ಭಾರದ ಮೈಯನ್ನ ಮೂರು ಕಾಲು ಬಹಳ ದಿನ ಹೊರಲ್ಲ. ಮೂರು ಕಾಲಲ್ಲಿ ಆರಾಮಾಗಿ ಬದುಕಬಲ್ಲ ನಾಯಿಗೆ ಮಾತ್ರ ವೈದ್ಯರೇ ಇರಲಿಲ್ಲ.

ಈಗ 1846ಕ್ಕೆ ಬರೋಣ. ಅಮೆರಿಕದ ಬಾಸ್ಟನ್‌ನಲ್ಲಿ ವಿಲಿಯಂ ಮಾರ್ಟನ್ ಅನ್ನೋ ದಂತವೈದ್ಯ. ಅಕ್ಟೋಬರ್ 16ರಂದು ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ ಒಬ್ಬ ರೋಗಿಗೆ ಈಥರ್ ಆವಿ ಕೊಟ್ಟು ಮಲಗಿಸಿದ, ಶಸ್ತ್ರವೈದ್ಯ ಜಾನ್ ವಾರೆನ್ ರೋಗಿಯ ಕುತ್ತಿಗೆಯ ಗಡ್ಡೆ ತೆಗೆದ್ರು. ವೈದ್ಯಕೀಯದ ಎಲ್ಲ ಚರಿತ್ರೆ ಪುಸ್ತಕಗಳಲ್ಲೂ ಈ ದಿನ ಇದೆ. ಆದ್ರೆ ಅದಕ್ಕೂ ಮೊದಲು ಮಾರ್ಟನ್ ಈಥರ್ ಪ್ರಯೋಗ ಮಾಡಿದ್ದು ಯಾರ ಮೇಲೆ? ತನ್ನ ಮನೆಯ ಸ್ಪ್ಯಾನಿಯಲ್ ನಾಯಿಯ ಮೇಲೆ. ನಾಯಿ ಪ್ರಜ್ಞೆ ತಪ್ಪಿತು, ಮತ್ತೆ ಎದ್ದಿತು. ಅದು ಎದ್ದಿದ್ದಕ್ಕೇ ಮಾರ್ಟನ್‌ಗೆ ಮುಂದಿನ ಹೆಜ್ಜೆ ಇಡೋ ಧೈರ್ಯ ಬಂತು.

ಎರಡು ತಿಂಗಳಲ್ಲಿ ಸುದ್ದಿ ಅಟ್ಲಾಂಟಿಕ್ ದಾಟಿತು. 1846ರ ಡಿಸೆಂಬರ್ 21ರಂದು ಲಂಡನ್ನಿನ ಯೂನಿವರ್ಸಿಟಿ ಕಾಲೇಜ್ ಆಸ್ಪತ್ರೆಯಲ್ಲಿ ರಾಬರ್ಟ್ ಲಿಸ್ಟನ್, ಫ್ರೆಡರಿಕ್ ಚರ್ಚಿಲ್ ಅನ್ನೋ ಮನೆಗೆಲಸದವನ ಕಾಲನ್ನ ಈಥರ್ ಕೊಟ್ಟು ತೆಗೆದ. ಲಿಸ್ಟನ್ ತನ್ನ ವೇಗಕ್ಕೆ ಹೆಸರಾದವನು, ಅರ್ಧ ನಿಮಿಷದಲ್ಲಿ ಕಾಲು ಬೇರೆ ಮಾಡ್ತಿದ್ದ. ನೋವು ತಡೆಯೋಕೆ ಬೇರೆ ದಾರಿ ಇಲ್ಲದಿದ್ದಾಗ ವೇಗವೇ ಕರುಣೆ. ಎಚ್ಚರ ಆದ ಮೇಲೆ ಚರ್ಚಿಲ್, ಆಪರೇಷನ್ ಯಾವಾಗ ಶುರು ಮಾಡ್ತೀರಿ ಅಂತ ಕೇಳಿದನಂತೆ. ಮನುಷ್ಯನ ಮಟ್ಟಿಗೆ ಕಾಲು ತೆಗೆಯೋದು ಅನ್ನೋದರ ಅರ್ಥವೇ ಆವತ್ತು ಬದಲಾಯ್ತು. ಆ ಆಸ್ಪತ್ರೆಯ ಹೆಸರು ನೆನಪಿಡಿ, ಸ್ವಲ್ಪ ಹೊತ್ತಲ್ಲಿ ಅದರ ಅಕ್ಕಪಕ್ಕಕ್ಕೇ ವಾಪಸ್ ಬರ್ತೀವಿ.

ಮರುವರ್ಷ, 1847ರಲ್ಲಿ, ಎಡಿನ್‌ಬರೋದ ಜೇಮ್ಸ್ ಸಿಂಪ್ಸನ್ ಕ್ಲೋರೋಫಾರ್ಮ್ ಬಳಕೆಗೆ ತಂದ್ರು. ಈಥರ್‌ಗಿಂತ ಬೇಗ ಕೆಲಸ ಮಾಡ್ತಿತ್ತು. ಆದ್ರೆ ಒಂದು ತೊಂದರೆ. ಗಟ್ಟಿಮುಟ್ಟಾದ ಕೆಲವು ರೋಗಿಗಳು ಇದ್ದಕ್ಕಿದ್ದ ಹಾಗೆ ಮೇಜಿನ ಮೇಲೇ ಸತ್ತು ಹೋಗ್ತಿದ್ರು. ಉಸಿರು ನಿಂತು ಸಾಯ್ತಾರಾ, ಹೃದಯ ನಿಂತು ಸಾಯ್ತಾರಾ? ಅಂದ್ರೆ, ಕ್ಲೋರೋಫಾರ್ಮ್ ಕೊಡೋ ಡಾಕ್ಟರು ಮೂಗಿನ ಕಡೆ ನೋಡ್ಬೇಕಾ, ನಾಡಿ ಹಿಡೀಬೇಕಾ? ಇದರ ಮೇಲೆ ಎಡಿನ್‌ಬರೋದವರಿಗೂ ಲಂಡನ್ನಿನವರಿಗೂ ದಶಕಗಟ್ಟಲೆ ಜಗಳ ನಡೀತು.

ಈ ಜಗಳ ಪರೀಕ್ಷೆಗೆ ಬಂದಿದ್ದು ಎಲ್ಲಿ ಗೊತ್ತಾ? ನಮ್ಮ ಪಕ್ಕದ ಹೈದರಾಬಾದಿನಲ್ಲಿ. ಪಕ್ಕದ ಅನ್ನೋದೂ ತಪ್ಪೇ. ಬೀದರ್, ಕಲಬುರಗಿ, ರಾಯಚೂರು ಆಗ ಇದ್ದಿದ್ದೇ ನಿಜಾಮರ ರಾಜ್ಯದಲ್ಲಿ. ಅಲ್ಲಿನ ವೈದ್ಯ ಶಾಲೆಯ ಮುಖ್ಯಸ್ಥ ಎಡ್ವರ್ಡ್ ಲಾರಿ, ಎಡಿನ್‌ಬರೋ ಪಕ್ಷದವನು. ಅವನ ಒತ್ತಾಯದ ಮೇಲೆ 1888ರಲ್ಲಿ ನಿಜಾಮರ ಸರ್ಕಾರ ಹೈದರಾಬಾದ್ ಕ್ಲೋರೋಫಾರ್ಮ್ ಕಮಿಷನ್ ನೇಮಿಸಿತು. ಲಂಡನ್ನಿನವರು ಒಪ್ಪಲಿಲ್ಲ. ಆಗ ಆರನೇ ನಿಜಾಮ ಮೆಹಬೂಬ್ ಅಲಿ ಖಾನ್ ಸಾವಿರ ಪೌಂಡ್ ಕೊಟ್ಟು, ಲಂಡನ್ನಿನಿಂದಲೇ ಲಾಡರ್ ಬ್ರಂಟನ್ ಅನ್ನೋ ತಜ್ಞರನ್ನ ಕರೆಸಿ 1889ರಲ್ಲಿ ಎರಡನೇ ಕಮಿಷನ್ ನಡೆಸೋಕೆ ದಾರಿ ಮಾಡಿದ್ರು. ಈ ಎರಡು ಕಮಿಷನ್‌ಗಳ ಪ್ರಯೋಗಗಳಲ್ಲಿ ನೂರಾರು ಪ್ರಾಣಿಗಳು ಸತ್ವು. ಹೆಚ್ಚಿನವು ನಾಯಿಗಳು. ಎಷ್ಟು ಕೊಟ್ರೆ ಉಸಿರು ನಿಲ್ಲುತ್ತೆ, ಎಷ್ಟು ಹೊತ್ತಿಗೆ ಹೃದಯ ನಿಲ್ಲುತ್ತೆ, ಎಲ್ಲವನ್ನೂ ಗಡಿಯಾರ ಹಿಡಿದು ಬರೆದಿಟ್ಟರು.

ಬಂದ ತೀರ್ಮಾನ: ಉಸಿರೇ ಮೊದಲು ನಿಲ್ಲೋದು, ಉಸಿರು ನೋಡ್ಕೊಂಡ್ರೆ ಸಾಕು. 1911ರಲ್ಲಿ ಗುಡ್‌ಮನ್ ಲೆವಿ ಅನ್ನೋ ಇಂಗ್ಲಿಷ್ ವೈದ್ಯರು, ಕ್ಲೋರೋಫಾರ್ಮ್ ಹೃದಯದ ಬಡಿತವನ್ನೇ ಕೆಡಿಸಿ ನೇರವಾಗಿ ಕೊಲ್ಲಬಹುದು ಅಂತ ತೋರಿಸಿದ್ರು. ಅಂದ್ರೆ ಹೈದರಾಬಾದಿನ ಅಷ್ಟು ನಾಯಿಗಳು ಕೊಟ್ಟ ಉತ್ತರ ಅರ್ಧ ಸರಿ, ಅರ್ಧ ತಪ್ಪು. ಆದ್ರೂ ಅರಿವಳಿಕೆ ಕೊಟ್ಟ ಮೇಲೆ ಉಸಿರಿನ ಮೇಲೆ ಕಣ್ಣಿಡೋ ಶಿಸ್ತು ಗಟ್ಟಿಯಾಗೋದರಲ್ಲಿ ಅವುಗಳ ಪಾಲಿದೆ. ಆ ನಾಯಿಗಳಿಗೆ ಹೆಸರಿಲ್ಲ, ನಂಬರ್ ಇದೆ.

ಈಗ ಮತ್ತೆ ಲಂಡನ್. 1903ರ ಫೆಬ್ರವರಿ, ಯೂನಿವರ್ಸಿಟಿ ಕಾಲೇಜ್. ಲಿಸ್ಟನ್ ನೋವಿಲ್ಲದೆ ಕಾಲು ತೆಗೆದ ಆಸ್ಪತ್ರೆ ಇದೇ ಕಾಲೇಜಿನದು. ವಿಲಿಯಂ ಬೇಲಿಸ್ ಅನ್ನೋ ವಿಜ್ಞಾನಿ ವಿದ್ಯಾರ್ಥಿಗಳ ಮುಂದೆ ಒಂದು ಕಂದು ಬಣ್ಣದ ಟೆರಿಯರ್ ನಾಯಿಯನ್ನ ಮೇಜಿನ ಮೇಲೆ ಕಟ್ಟಿ ಪ್ರಯೋಗ ತೋರಿಸಿದ್ರು. ನೋಡೋಕೆ ಕೂತಿದ್ದವರಲ್ಲಿ ಸ್ವೀಡನ್ನಿನ ಇಬ್ಬರು ಯುವತಿಯರು, ಲಿಜ್ಜಿ ಲಿಂಡ್ ಅಫ್ ಹಾಗೆಬಿ ಮತ್ತು ಲೀಸಾ ಶಾರ್ಟೌ. ನಾಯಿಗೆ ಎಚ್ಚರ ಇತ್ತು, ಅದು ಒದ್ದಾಡ್ತಿತ್ತು ಅಂತ ಇವರು ಬರೆದ್ರು. ಅರಿವಳಿಕೆ ಸರಿಯಾಗೇ ಕೊಟ್ಟಿದ್ವಿ ಅಂತ ಬೇಲಿಸ್ ಹೇಳಿದ್ರು. ಈ ಆರೋಪವನ್ನ ಬಹಿರಂಗ ಸಭೆಯಲ್ಲಿ ಹೇಳಿದ ಸ್ಟೀಫನ್ ಕೋಲ್‌ರಿಜ್ ಮೇಲೆ ಮಾನನಷ್ಟ ಮೊಕದ್ದಮೆ ಹಾಕಿದ್ರು. ತೀರ್ಪು ಬೇಲಿಸ್ ಪರ ಆಯ್ತು, 2,000 ಪೌಂಡ್ ಪರಿಹಾರ ಸಿಕ್ಕಿತು.

ಆದ್ರೆ ಜನ ಬಿಡಲಿಲ್ಲ. 1906ರಲ್ಲಿ ಬ್ಯಾಟರ್‌ಸೀ ಅನ್ನೋ ಕೂಲಿಕಾರರ ಬಡಾವಣೆಯಲ್ಲಿ ಆ ಕಂದು ನಾಯಿಗೆ ಒಂದು ಪ್ರತಿಮೆ ನಿಲ್ಲಿಸಿದ್ರು. 1907ರಲ್ಲಿ ವೈದ್ಯ ವಿದ್ಯಾರ್ಥಿಗಳು ಅದರ ವಿರುದ್ಧ ಬೀದಿಗಿಳಿದು ಗಲಾಟೆ ಮಾಡಿದ್ರು, ಪೊಲೀಸರ ಜೊತೆ ಹೊಡೆದಾಟ ಆಯ್ತು. 1910ರಲ್ಲಿ ಪ್ರತಿಮೆಯನ್ನ ರಾತ್ರೋರಾತ್ರಿ ತೆಗೆದು ಹಾಕಿದ್ರು. ಹೊಸ ಪ್ರತಿಮೆ ಬಂದಿದ್ದು 1985ರಲ್ಲಿ.

ಯಾರು ಸರಿ ಯಾರು ತಪ್ಪು ಅನ್ನೋದನ್ನ ಒಂದು ಪಕ್ಕಕ್ಕಿಡಿ. ನನಗೆ ಮುಖ್ಯ ಅನಿಸಿದ್ದು ಕೋರ್ಟಿನಲ್ಲಿ ಎದ್ದ ಪ್ರಶ್ನೆ. ನಾಯಿಗೆ ನೋವಾಗಿತ್ತಾ, ಇಲ್ವಾ? ಒಂದು ದೊಡ್ಡ ದೇಶದ ನ್ಯಾಯಾಲಯ ದಿನಗಟ್ಟಲೆ ಕೂತು ಒಂದು ಬೀದಿನಾಯಿಯ ನೋವಿನ ಬಗ್ಗೆ ಸಾಕ್ಷಿ ಕೇಳಿತು. 1919ರಲ್ಲಿ ಬ್ರಿಟನ್ ಒಂದು ಕಾನೂನು ಮಾಡಿತು: ಪ್ರಾಣಿಗಳ ಮೇಲೆ ಮಾಡೋ ಕೆಲವು ಶಸ್ತ್ರಚಿಕಿತ್ಸೆಗಳಿಗೆ ಅರಿವಳಿಕೆ ಕಡ್ಡಾಯ. ಫ್ರೆಡರಿಕ್ ಹಾಬ್‌ಡೇ ಅನ್ನೋ ಪಶುವೈದ್ಯರು ಅಷ್ಟರಲ್ಲಾಗಲೇ ನೂರಾರು ಸಾಕುನಾಯಿಗಳಿಗೆ ಕ್ಲೋರೋಫಾರ್ಮ್ ಕೊಟ್ಟು ಆಪರೇಷನ್ ಮಾಡಿ, ಇದು ಸಾಧ್ಯ ಅಂತ ತೋರಿಸಿದ್ರು. ಮಾರ್ಟನ್‌ನ ನಾಯಿ ಮಲಗೆದ್ದಿದ್ದು 1846ರ ಹೊತ್ತಿಗೆ. ಆ ಮದ್ದು ನಾಯಿಯ ಹಕ್ಕಿನ ಹತ್ತಿರಕ್ಕೆ ಬಂದಿದ್ದು 1919ಕ್ಕೆ. ನಡುವೆ 73 ವರ್ಷ. ಈ ಸಾಲಕ್ಕೆ ಬಡ್ಡಿ ಯಾರೂ ಹಾಕಿಲ್ಲ.

ಅಲ್ಲಿಗೆ ಕಥೆ ಮುಗೀತಾ? ಇಲ್ಲ. ಮಲಗಿಸಿ ಕತ್ತರಿಸೋದು ಒಂದು, ಎದ್ದ ಮೇಲಿನ ನೋವು ಇನ್ನೊಂದು. 20ನೇ ಶತಮಾನದ ಬಹುಪಾಲು ಪಶುವೈದ್ಯದಲ್ಲಿ ಒಂದು ನಂಬಿಕೆ ಇತ್ತು: ಆಪರೇಷನ್ ಆದ ಮೇಲೆ ಸ್ವಲ್ಪ ನೋವು ಇದ್ರೇ ಒಳ್ಳೇದು, ಪ್ರಾಣಿ ಅಲ್ಲಾಡದೆ ಬಿದ್ದಿರುತ್ತೆ, ಹೊಲಿಗೆ ಬಿಚ್ಚಲ್ಲ. ನಾಯಿ ಅಳಲ್ಲ, ಹಾಗಾದ್ರೆ ಅದಕ್ಕೆ ಅಷ್ಟೇನೂ ನೋವಿಲ್ಲ ಅಂತಲೂ ಲೆಕ್ಕ. ಈ ನಂಬಿಕೆ ಸಡಿಲವಾಗಿದ್ದು ತೀರಾ ಈಚೆಗೆ. ನಾಯಿಗಳ ಕೀಲು ನೋವಿಗೆ ಇವತ್ತು ಸಾಮಾನ್ಯವಾಗಿ ಕೊಡೋ ಕಾರ್‌ಪ್ರೊಫೆನ್ ಅನ್ನೋ ಮಾತ್ರೆ ಅಮೆರಿಕದಲ್ಲಿ ನಾಯಿಗಳಿಗೆ ಅಂತ ಮಾರುಕಟ್ಟೆಗೆ ಬಂದಿದ್ದು 1990ರ ದಶಕದಲ್ಲಿ. ಅಂದ್ರೆ ನಾನು ಹುಟ್ಟಿದ ದಶಕದಲ್ಲಿ. ಅಷ್ಟು ಹೊಸದು ಇದು.

ನಮ್ಮ ಕಡೆ ಏನಿತ್ತು? ನಾಯಿಗೆ ಮರ್ಯಾದೆ ಕೊಟ್ಟಿದ್ದರಲ್ಲಿ ಕನ್ನಡ ನಾಡು ಹಿಂದೆ ಬಿದ್ದಿಲ್ಲ. ಮಂಡ್ಯ ಜಿಲ್ಲೆ ಮದ್ದೂರು ತಾಲೂಕಿನ ಆತಕೂರಿನ ಶಾಸನ ಕೇಳಿರ್ತೀರಿ. ಕ್ರಿ.ಶ. 949-50ರ ಸುಮಾರಿನದು. ಗಂಗರ ಬೂತುಗ, ತಕ್ಕೋಲಂ ಯುದ್ಧದಲ್ಲಿ ಪರಾಕ್ರಮ ತೋರಿಸಿದ ಮಣಲೇರನಿಗೆ ಏನು ಬೇಕೋ ಕೇಳು ಅಂದಾಗ ಅವನು ಕೇಳಿದ್ದು ಕಾಳಿ ಅನ್ನೋ ಬೇಟೆನಾಯಿಯನ್ನ. ಆ ಕಾಳಿ ಮುಂದೆ ಒಂದು ದೊಡ್ಡ ಕಾಡುಹಂದಿಯ ಜೊತೆ ಕಾದಾಡಿ, ಎರಡೂ ಸತ್ವು. ಕಾಳಿಗೆ ಕಲ್ಲು ನಿಲ್ಲಿಸಿ, ಪೂಜೆಗೆ ಭೂಮಿ ಬಿಟ್ಟರು. ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತು ಸಂಗ್ರಹಾಲಯಕ್ಕೆ ಸೇರಿದೆ. ನಾಯಿ ಹಂದಿಯ ಮೇಲೆ ಎಗರಿರೋ ಶಿಲ್ಪ ನೋಡಿದ್ರೆ ಮೈ ಜುಂ ಅನ್ನುತ್ತೆ.

ಆದ್ರೆ ನನಗೆ ಒಂದು ಯೋಚನೆ ಬಂತು. ಕಾಳಿ ಆವತ್ತು ಸಾಯದೆ, ಒಂದು ಕಾಲು ಕಳಕೊಂಡು ಬದುಕಿ ಬಂದಿದ್ರೆ? ಕಲ್ಲು ಸಿಗ್ತಿರಲಿಲ್ಲ. ಸತ್ತ ವೀರನಿಗೆ ಕಲ್ಲು ಇದೆ, ಗಾಯಗೊಂಡು ಬದುಕಿದವನಿಗೆ ಏನಿದೆ? ಮನುಷ್ಯರಿಗೂ ಇದೇ ಕಥೆ. ಕನ್ನಡದಲ್ಲಿ ಕಷ್ಟದ ಬದುಕಿಗೆ ಇರೋ ಹೆಸರೇ ನಾಯಿಪಾಡು. ಸ್ವತಂತ್ರ ಭಾರತದಲ್ಲಿ ರುಕ್ಮಿಣಿ ದೇವಿ ಅರುಂಡೇಲ್ ರಾಜ್ಯಸಭೆಯಲ್ಲಿ ಹಿಡಿದ ಹಟದಿಂದ 1960ರಲ್ಲಿ ಪ್ರಾಣಿ ಹಿಂಸೆ ತಡೆ ಕಾಯ್ದೆ ಬಂತು. ಅದರಲ್ಲಿ ಮೊದಲ ಸಲ ಹಿಂಸೆ ಮಾಡಿದವರಿಗೆ ಇಟ್ಟ ದಂಡ ಹೆಚ್ಚಂದ್ರೆ 50 ರೂಪಾಯಿ. ಅದಕ್ಕೂ ಎರಡು ವರ್ಷ ಮೊದಲು, 1958ರಲ್ಲಿ, ಹೆಬ್ಬಾಳದ ಪಶುವೈದ್ಯ ಕಾಲೇಜು ಶುರುವಾಗಿತ್ತು. ಇವತ್ತು ನಮ್ಮ ಊರುಗಳಲ್ಲಿ ನಾಯಿಯ ಕಾಲನ್ನ ನೋವಿಲ್ಲದೆ ತೆಗೆಯೋ ಕೈಗಳು ಇವೆ ಅಂದ್ರೆ, ಅದು ಇಂಥ ಕಾಲೇಜುಗಳ ಫಲ.

ಸರಿ, ಈಗ ಕಾಲು ತೆಗೆದ ಮೇಲೆ ಏನು? ಇಲ್ಲಿಂದ ಮುಂದೆ ಸ್ವಲ್ಪ ಮನೆಯ ವಿಷಯ. ವಯಸ್ಸಾದ ನಾಯಿ ಇರೋರು ಗಮನ ಕೊಟ್ಟು ಕೇಳಿ.

ಮೊದಲ ಪ್ರಶ್ನೆ ಎಲ್ಲರದೂ ಒಂದೇ: ಕೃತಕ ಕಾಲು ಹಾಕಿಸ್ತೀರಾ? ಮನುಷ್ಯನಿಗೆ ಕೃತಕ ಕಾಲಿನ ಆಸೆ ಹಳೇದು. ಋಗ್ವೇದದಲ್ಲೇ ವಿಶ್ಪಲಾಗೆ ಅಶ್ವಿನಿ ದೇವತೆಗಳು ಲೋಹದ ಕಾಲು ಕೊಟ್ಟ ಪ್ರಸ್ತಾಪ ಇದೆ. ಆಕೆ ಹೆಂಗಸಲ್ಲ, ಪಂದ್ಯದ ಕುದುರೆ ಅಂತ ವಾದಿಸಿದ ವಿದ್ವಾಂಸರೂ ಇದ್ದಾರೆ. 1968ರಲ್ಲಿ ರಾಮಚಂದ್ರ ಶರ್ಮಾ ಮತ್ತು ಡಾಕ್ಟರ್ ಪಿ.ಕೆ. ಸೇಠಿ ಜೈಪುರ ಕಾಲನ್ನ ರೂಪಿಸಿದ್ರು. ಎರಡೇ ಕಾಲಿರೋ ನಮಗೆ ಒಂದು ಹೋದ್ರೆ ಅರ್ಧ ಹೋಯ್ತು. ನಾಯಿಗೆ ಹಾಗಲ್ಲ. ಅದಕ್ಕೆ ಸಾಮಾನ್ಯವಾಗಿ ಮುಂಗಾಲನ್ನ ಭುಜದ ಮೂಳೆ ಸಮೇತ ಪೂರ್ತಿ ತೆಗೀತಾರೆ. ಮೋಟು ಉಳಿಸಿದ್ರೆ ನಾಯಿ ಅದನ್ನೇ ನೆಲಕ್ಕೆ ಊರೋಕೆ ಹೋಗಿ ಗಾಯ ಮಾಡ್ಕೊಳ್ಳುತ್ತೆ. ಉಳಿದ ಮೂರು ಕಾಲು ಕೆಲಸ ಹಂಚಿಕೊಳ್ತವೆ.

ನಾಯಿ ನಿಂತಾಗ ಮೈಭಾರದ ಸುಮಾರು 60 ಭಾಗ ಮುಂಗಾಲುಗಳ ಮೇಲೆ, 40 ಭಾಗ ಹಿಂಗಾಲುಗಳ ಮೇಲೆ. ತಲೆ, ಕುತ್ತಿಗೆ, ಎದೆ ಎಲ್ಲ ಮುಂದಿರೋದ್ರಿಂದ ಹೀಗೆ. ಅದಕ್ಕೇ ಮುಂಗಾಲು ಹೋದ ನಾಯಿಗೆ ಹಿಂಗಾಲು ಹೋದ ನಾಯಿಗಿಂತ ಸ್ವಲ್ಪ ಹೆಚ್ಚು ಕಷ್ಟ. ಉಳಿದ ಒಂದು ಮುಂಗಾಲನ್ನ ಅದು ಎದೆಯ ನಡುವಿಗೆ ತಂದು ಊರುತ್ತೆ, ಹೆಜ್ಜೆಗೊಂದು ಸಲ ತಲೆ ಎತ್ತಿ ಇಳಿಸುತ್ತೆ. ನಾಯಿಗೆ ಕೆಲಸವಿಲ್ಲ, ನಿಲ್ಲೋಕೆ ಪುರುಸೊತ್ತಿಲ್ಲ ಅಂತ ಗಾದೆ ಇದೆಯಲ್ಲ, ಮೂರು ಕಾಲಿನ ನಾಯಿಗೆ ಅದು ಅಕ್ಷರಶಃ ನಿಜ. ಓಡೋದಕ್ಕಿಂತ ಸುಮ್ಮನೆ ನಿಲ್ಲೋದೇ ಅದಕ್ಕೆ ಕಷ್ಟ. ಓಟದಲ್ಲಿ ವೇಗ ಸಮತೋಲ ಕೊಡುತ್ತೆ, ನಿಂತಾಗ ಸ್ನಾಯುವೇ ಎಲ್ಲ ಹಿಡಿದಿಡಬೇಕು.

ಹಾಗಾಗಿ ನಮ್ಮನೇಲಿ ಮೊದಲು ಬದಲಾಗಿದ್ದು ನೆಲ. ಬೆಂಗಳೂರಿನ ಮನೆಗಳ ಟೈಲ್ಸ್ ನೋಡೋಕೆ ಚೆಂದ, ಮೂರು ಕಾಲಿನ ನಾಯಿಗೆ ಅದು ಐಸ್. ಒಂದು ಸಲ ಜಾರಿದ್ರೆ ಎದ್ದು ನಡೆಯೋ ಧೈರ್ಯವೇ ಹೋಗುತ್ತೆ. ಅಮ್ಮ ಹಳೇ ಯೋಗ ಮ್ಯಾಟ್, ಅಡಿಗೆ ರಬ್ಬರ್ ಇರೋ ಕಾಲೊರಸು ಎಲ್ಲ ಸೇರಿಸಿ, ಹಾಸಿಗೆಯಿಂದ ನೀರಿನ ಬಟ್ಟಲಿಗೆ, ಅಲ್ಲಿಂದ ಬಾಗಿಲಿಗೆ ಒಂದು ರಸ್ತೆ ಮಾಡಿದ್ರು. ಊಟದ ಬಟ್ಟಲನ್ನ ಒಂದು ಸ್ಟೂಲ್ ಮೇಲೆ ಎತ್ತರಕ್ಕೆ ಇಟ್ವಿ. ತಲೆ ಬಗ್ಗಿಸಿದಷ್ಟೂ ಭಾರ ಒಂಟಿ ಮುಂಗಾಲಿನ ಮೇಲೆ ಬೀಳುತ್ತೆ. ಉಗುರು ಕತ್ತರಿಸಿ, ಪಾದದಡಿಯ ಕೂದಲು ಟ್ರಿಮ್ ಮಾಡಿದ್ವಿ.

ಮೊದಲ ರಾತ್ರಿ ಕಷ್ಟ. ಔಷಧಿಯ ಮಂಪರಿನಲ್ಲೂ ನಾಯಿ ಕುಂಯ್‌ಗುಡುತ್ತೆ. ಎರಡನೇ ದಿನ ಕರಿಯ ಎದೆಗೆ ಕಟ್ಟಿದ ಪಟ್ಟಿಯ ಸಹಾಯದಿಂದ ಎದ್ದು ನಿಂತ. ಹಿಂಗಾಲು ಹೋದ ನಾಯಿಗಾದ್ರೆ ಹೊಟ್ಟೆಯ ಕೆಳಗೆ ಟವೆಲ್ ಹಾಕಿ ಎತ್ತಬಹುದು. ಮೂತ್ರಕ್ಕೆ ಹೋದಾಗ ಹಳೇ ಅಭ್ಯಾಸದ ಹಾಗೆ ಹಿಂಗಾಲು ಎತ್ತೋಕೆ ಹೋಗಿ ವಾಲಿದ, ಮೂರನೇ ದಿನಕ್ಕೆ ಕಾಂಪೌಂಡ್ ಗೋಡೆಗೆ ಭುಜ ಒರಗಿಸಿ ಕೆಲಸ ಮುಗಿಸೋದು ಕಲಿತ. ಹೊಲಿಗೆ 10ರಿಂದ 14 ದಿನ ಇರುತ್ತೆ. ಸುತ್ತ ಸ್ವಲ್ಪ ನೀಲಿಗಟ್ಟೋದು, ಸ್ವಲ್ಪ ಊತ ಸಹಜ. ಕೀವು, ವಾಸನೆ, ಜ್ವರ, ಊಟ ಬಿಡೋದು ಕಂಡ್ರೆ ಕೂಡಲೇ ಡಾಕ್ಟರ ಹತ್ತಿರ ಹೋಗಿ. ನೆಕ್ಕದ ಹಾಗೆ ಕುತ್ತಿಗೆಗೆ ಕೋನ್ ಹಾಕಿ.

ನೋವಿನ ಮಾತ್ರೆಯನ್ನ ಡಾಕ್ಟರು ಬರೆದಷ್ಟು ದಿನ, ಬರೆದ ಹೊತ್ತಿಗೆ ಕೊಡಿ. ಅಳ್ತಿಲ್ಲ ಅಂತ ನಿಲ್ಲಿಸಬೇಡಿ. ನಾಯಿ ನೋವನ್ನ ಮುಚ್ಚಿಡುತ್ತೆ. ಏದುಸಿರು, ಮಲಗೋಕೆ ಜಾಗ ಸಿಗದ ಹಾಗೆ ಸುತ್ತೋದು, ಮುಟ್ಟಿದ್ರೆ ಬೆಚ್ಚೋದು, ಇವೇ ಅದರ ಭಾಷೆ. ಕತ್ತರಿಸಿದ ನರದ ನೋವಿಗೆ ಬೇರೆ ಮಾತ್ರೆ ಇದೆ, ಕೇಳಿ. ದಯವಿಟ್ಟು ನಮ್ಮ ಮಾತ್ರೆಗಳನ್ನ ಕೊಡಬೇಡಿ. ಐಬುಪ್ರೊಫೆನ್ ನಾಯಿಯ ಹೊಟ್ಟೆ, ಮೂತ್ರಪಿಂಡಕ್ಕೆ ವಿಷ. ಪ್ಯಾರಾಸಿಟಮಾಲ್ ಕೂಡ ಡಾಕ್ಟರು ಹೇಳದೆ ಬೇಡ. ಇಡೀ ಮನುಷ್ಯಕುಲದ ಮದ್ದನ್ನ ನಾಯಿಯ ಮೇಲೆ ಪರೀಕ್ಷೆ ಮಾಡಿದ ಮೇಲೆ, ನಾಯಿಗೆ ಯಾವುದು ಆಗಲ್ಲ ಅನ್ನೋದನ್ನಾದ್ರೂ ನಾವು ನೆನಪಿಡಬೇಕು.

ವಯಸ್ಸಾದ ನಾಯಿಗೆ ಮುಖ್ಯವಾದದ್ದು ತೂಕ. ನಾಲ್ಕು ಕಾಲು ಹೊರ್ತಿದ್ದ ಮೈಯನ್ನ ಈಗ ಮೂರು ಹೊರ್ತವೆ, ಆ ಮೂರರಲ್ಲೂ ವಯಸ್ಸಿನ ಕೀಲುವಾತ ಇರಬಹುದು. ಪಾಪ ಕಾಲಿಲ್ಲ ಅಂತ ಎರಡು ಬಿಸ್ಕತ್ತು ಹೆಚ್ಚು ಹಾಕೋದು ಪ್ರೀತಿಯಲ್ಲ. ಸವರಿದ್ರೆ ಪಕ್ಕೆಲುಬು ಕೈಗೆ ಸಿಗಬೇಕು. ವಾಕಿಂಗ್ ದಿನಕ್ಕೆ ನಾಲ್ಕೈದು ಸಲ, ಸಲಕ್ಕೆ ಐದು ನಿಮಿಷ, ವಾರದಿಂದ ವಾರಕ್ಕೆ ಸ್ವಲ್ಪ ಜಾಸ್ತಿ.

1999ರಲ್ಲಿ ನೆದರ್ಲೆಂಡ್ಸ್‌ನ ಸಂಶೋಧಕರು ಕಾಲು ತೆಗೆಸಿದ 44 ನಾಯಿಗಳ ಮಾಲೀಕರನ್ನ ಕೇಳಿ ಬರೆದ ಅಧ್ಯಯನ ಒಂದಿದೆ. ಹೆಚ್ಚಿನ ನಾಯಿಗಳು ಒಂದು ತಿಂಗಳೊಳಗೆ ಮೂರು ಕಾಲಿಗೆ ಹೊಂದಿಕೊಂಡಿದ್ವು. ನಮ್ಮನೇಲೂ ಅದೇ ಆಯ್ತು. ನಾಲ್ಕನೇ ವಾರಕ್ಕೆ ಕರಿಯ ಗೇಟಿನ ಹತ್ತಿರ ಹಾಲಿನವರ ಸೈಕಲ್‌ಗೆ ಬೊಗಳೋಕೆ ಓಡ್ತಿದ್ದ. ಅವನು ಬಂದಾಗಲೆಲ್ಲ ಅಪ್ಪ ಆ ಖಾಲಿ ಜಾಗ ನೋಡೋದನ್ನ ಬಿಡೋಕೆ ಎರಡು ತಿಂಗಳು ಬೇಕಾಯ್ತು. ಕಾಲು ಹೋಗಿದ್ದು ನಾಯಿಗೆ, ಗಾಯ ಮಾಯೋಕೆ ತಡ ಆಗಿದ್ದು ನಮಗೆ.

ಈಗ ಕಷ್ಟದ ಮಾತು. ಈ ಕ್ಯಾನ್ಸರ್‌ಗೆ ಕಾಲು ತೆಗೆಯೋದು ಗುಣ ಮಾಡೋ ಚಿಕಿತ್ಸೆ ಅಲ್ಲ. ಪತ್ತೆ ಆಗೋ ಹೊತ್ತಿಗೆ ಅದರ ಬೀಜಗಳು ಸಾಮಾನ್ಯವಾಗಿ ಶ್ವಾಸಕೋಶದ ಕಡೆ ಹೊರಟಿರ್ತವೆ. ಕಾಲು ಮಾತ್ರ ತೆಗೆದ್ರೆ ಹೆಚ್ಚಿನ ನಾಯಿಗಳಿಗೆ ಸಿಗೋದು 4-5 ತಿಂಗಳು. ಕೀಮೋ ಸೇರಿಸಿದ್ರೆ ಸುಮಾರು 10-12 ತಿಂಗಳು. ಕೀಮೋ ಬೇಕಾ ಬೇಡವಾ ಅನ್ನೋದು ಪ್ರತಿ ಮನೆಯ ಸ್ವಂತ ತೀರ್ಮಾನ, ನಾವು ಮಾಡಿಸಲಿಲ್ಲ. ಆಪರೇಷನ್ ಆಗಿ ಇವತ್ತಿಗೆ 14 ವಾರ. ನನಗೂ ಲೆಕ್ಕ ಬರುತ್ತೆ.

ಹಾಗಾದ್ರೆ ದೊಡ್ಡಪ್ಪನ ಪ್ರಶ್ನೆಗೆ ಉತ್ತರ ಏನು? ನಾವು ಕೊಂಡಿದ್ದು ವರ್ಷಗಳನ್ನಲ್ಲ. ಗಡ್ಡೆ ಇರೋ ಮೂಳೆ ಒಳಗಿಂದ ಕರಗ್ತಾ ಇರುತ್ತೆ, ಪ್ರತಿ ಹೆಜ್ಜೆಗೂ ಜೀವ ಹಿಂಡೋ ನೋವು. ಅದಕ್ಕೆ ಪೂರ್ತಿ ಕೆಲಸ ಮಾಡೋ ಮಾತ್ರೆ ಇಲ್ಲ. ಆ ಕಾಲು ಹೋದ ದಿನ ಆ ನೋವೂ ಹೋಯ್ತು. ಉಳಿದಿರೋ ದಿನ ಎಷ್ಟೇ ಇರಲಿ, ಅವು ನೋವಿಲ್ಲದ ದಿನ. ಬಾಸ್ಟನ್ನಿನ ಆ ಸ್ಪ್ಯಾನಿಯಲ್, ಹೈದರಾಬಾದಿನ ಹೆಸರಿಲ್ಲದ ನಾಯಿಗಳು, ಲಂಡನ್ನಿನ ಆ ಕಂದು ನಾಯಿ, ಇವೆಲ್ಲ ಸೇರಿ ನಮಗೆ ಕೊಟ್ಟಿದ್ದು ಇದನ್ನೇ. ಅದನ್ನ ಒಂದು ಮುದಿ ನಾಯಿಗೆ ವಾಪಸ್ ಕೊಡೋದು ದಾನ ಅಲ್ಲ. ಸಾಲ ತೀರಿಸೋದು. ಹಾಗಂತ ಎಲ್ಲ ಮನೆಯಲ್ಲೂ ಎಲ್ಲ ನಾಯಿಗೂ ಇದೇ ಸರಿ ಅಂತ ನಾನು ಹೇಳಲ್ಲ. ಉಳಿದ ಕಾಲುಗಳೂ ಸೋತಿದ್ರೆ, ಶ್ವಾಸಕೋಶ ಆಗಲೇ ತುಂಬಿದ್ರೆ, ನೋವಿಲ್ಲದೆ ಕಳಿಸಿಕೊಡೋದೂ ಅದೇ ಸಾಲವನ್ನ ತೀರಿಸೋ ಇನ್ನೊಂದು ದಾರಿ.

ಇದನ್ನ ಕೇಳ್ತಿರೋ ಯಾರಾದ್ರೂ ಈಗಲೇ ಕೈಯಲ್ಲಿ ಒಂದು ಎಕ್ಸ್‌ರೇ ಹಿಡ್ಕೊಂಡು ಕೂತಿದ್ರೆ, ಡಾಕ್ಟರ ಹತ್ತಿರ ನಾಲ್ಕು ಪ್ರಶ್ನೆ ಕೇಳಿ. ಎದೆಯ ಎಕ್ಸ್‌ರೇ ಆಗಿದೆಯಾ? ಉಳಿದ ಮೂರು ಕಾಲನ್ನ ಪರೀಕ್ಷೆ ಮಾಡಿದ್ದೀರಾ? ಮೂತ್ರಪಿಂಡ, ಯಕೃತ್ತಿನ ರಕ್ತ ಪರೀಕ್ಷೆ ಹೇಗಿದೆ? ಆಪರೇಷನ್‌ಗೆ ಮುಂಚೆ, ಆಗ, ಆಮೇಲೆ ನೋವಿಗೆ ಏನು ಕೊಡ್ತೀರಿ, ಎಷ್ಟು ದಿನ? ಕೊನೇ ಪ್ರಶ್ನೆ ಕೇಳೋಕೆ ಸಂಕೋಚ ಬೇಡ. ಆ ಪ್ರಶ್ನೆಯನ್ನ ನಾಯಿಯ ಪರವಾಗಿ ಯಾರಾದ್ರೂ ಕೇಳೋ ಹೊತ್ತಿಗೆ ಬಹಳ ವರ್ಷ ಆಗಿದೆ.